ಹೊಳೆಯ ಎರಡು ದಂಡೆ: ಪ್ಲೇಗಿನಿಂದ ಡೆಂಗಿಯವರೆಗೆ

2024ರ ಫೆಬ್ರವರಿಯಲ್ಲಿ ಪುಣೆಯ ಒಂದು ವಿಡಿಯೋ ದೇಶದ ಮೊಬೈಲುಗಳನ್ನೆಲ್ಲ ಸುತ್ತಿ ಬಂತು. ಊರಿನ ಪೂರ್ವದಲ್ಲಿ, ಖರಾಡಿ ಮತ್ತು ಕೇಶವನಗರದ ನಡುವೆ ಹರಿಯುವ ಮುಳಾ-ಮುಠಾ ಹೊಳೆಯ ಮೇಲೆ ಹುಳುಗಳ ಒಂದು ಕಂಬ ಎದ್ದಿತ್ತು. ದೂರದಿಂದ ನೋಡಿದವರಿಗೆ ಹೊಗೆಯಂತೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಬೇಸಿಗೆಯ ಬಯಲಲ್ಲಿ ಏಳುವ ಸುಂಟರಗಾಳಿಯಂತೆ ಅದು ಸುತ್ತುತ್ತಿತ್ತು. ಸುದ್ದಿವಾಹಿನಿಗಳು 'ಸೊಳ್ಳೆಗಳ ಸುಂಟರಗಾಳಿ' ಎಂದು ಹೆಸರಿಟ್ಟವು. ಹೊಳೆಯ ಮೇಲೆ ಹಬ್ಬಿದ ಅಂತರಗಂಗೆ, ಅದರಡಿಯಲ್ಲಿ ನಿಂತ ಕೊಳಚೆ ನೀರು, ಇವೇ ಕಾರಣ ಎಂದು ಜನ ದೂರಿದರು. ಮಹಾನಗರಪಾಲಿಕೆ ಔಷಧಿ ಸಿಂಪಡಿಸಿತು, ಯಂತ್ರ ಇಳಿಸಿ ಬಳ್ಳಿ ತೆಗೆಸಿತು.

ಖರಾಡಿ ಈಗ ಗಾಜಿನ ಕಟ್ಟಡಗಳ ಊರು. ಇಯಾನ್ ಐಟಿ ಪಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್, ಅವುಗಳ ಸುತ್ತ ಇಪ್ಪತ್ತು-ಮೂವತ್ತು ಅಂತಸ್ತಿನ ವಸತಿ ಗೋಪುರಗಳು. 1990ರ ದಶಕದ ಕೊನೆಗೆ ಪುಣೆ ಮಹಾನಗರಪಾಲಿಕೆಯ ಗಡಿಯೊಳಗೆ ಬರುವವರೆಗೂ ಅದು ನಗರ ರಸ್ತೆಯ ಬದಿಯ ಒಂದು ಹಳ್ಳಿ. ಹೊಲ, ಹೊಳೆ, ಗಾವಠಾಣ, ಅಷ್ಟೇ. ಆ ವಿಡಿಯೋ ಜನರನ್ನು ಬೆಚ್ಚಿಬೀಳಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು: ಇಷ್ಟು ಹೊಸ ಊರಿನಲ್ಲಿ ಇಷ್ಟು ಹಳೆಯ ಹೆದರಿಕೆ!

ಆದರೆ ಈ ಹೊಳೆಯ ಎರಡು ದಂಡೆಗಳಿಗೆ ಕಾಯಿಲೆಯ ನೆನಪು ಹೊಸದಲ್ಲ. ಖರಾಡಿಯಿಂದ ಆಚೆ ದಡಕ್ಕೆ ಸೇತುವೆ ದಾಟಿದರೆ ಸಿಗುವುದು ಮುಂಢವಾ. ಆ ವಿಡಿಯೋಗೆ 127 ವರ್ಷ ಮೊದಲು, ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ, ಆ ಊರಿನ ಹೊರಗಿನ ಕೇರಿಯಿಂದ ಅರವತ್ತಾರು ವರ್ಷದ ಒಬ್ಬ ಹೆಂಗಸು ಕಾಯಿಲೆಬಿದ್ದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಹಡಪಸರದ ಕಡೆಗೆ ನಡೆದಿದ್ದರು. ಆಕೆ ಸಾವಿತ್ರಿಬಾಯಿ ಫುಲೆ.

*

1896ರ ಮುಂಗಾರು ಕೈಕೊಟ್ಟಿತ್ತು. ದಖ್ಖನಿನ ಜಿಲ್ಲೆಗಳಲ್ಲಿ ಬರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿ ಬಂದರು ಕೇರಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮುಂಬೈ ಬಿಟ್ಟು ಓಡಿದವರ ಜೊತೆಗೆ, ರೈಲಿನ ಸರಕಿನ ಜೊತೆಗೆ ಅದು ಪುಣೆಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. 1897ರ ಮೊದಲ ತಿಂಗಳುಗಳಲ್ಲಿ ಪುಣೆಯ ಪೇಟೆಗಳು ಖಾಲಿಯಾಗತೊಡಗಿದವು.

ಬ್ರಿಟಿಷ್ ಸರ್ಕಾರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಕೆಲವೇ ಸಾಲುಗಳ ಕಾಯಿದೆ, ಆದರೆ ಅಧಿಕಾರಿಗಳಿಗೆ ಅದು ಕೊಟ್ಟ ಬಲ ಬಹಳ ದೊಡ್ಡದು. ಪುಣೆಗೆ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿ ಬಂದ. ಸೈನಿಕರು ಮನೆಮನೆ ಹೊಕ್ಕು ಹುಡುಕಿದರು. ದೇವರ ಕೋಣೆ, ಅಡುಗೆಮನೆ ಯಾವುದೂ ಹೊರತಾಗಲಿಲ್ಲ. ರೋಗಿಗಳನ್ನು ಆಸ್ಪತ್ರೆಗೆ, ಮನೆಯವರನ್ನು ಬೇರೆ ಶಿಬಿರಕ್ಕೆ ಸಾಗಿಸಲಾಯಿತು. ಹಾಸಿಗೆ ಬಟ್ಟೆ ಸುಡಲಾಯಿತು, ನೆಲ ಅಗೆಯಲಾಯಿತು. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ಪಟ್ಟದ ಅರವತ್ತನೇ ವರ್ಷದ ಸಂಭ್ರಮ ಮುಗಿಸಿ ಹೊರಟಿದ್ದ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಲ್ಲಿ ಈ ಕತೆ ಇಲ್ಲಿಂದ ಶುರುವಾಗುತ್ತದೆ.

ಮುಂಢವಾದ ಕತೆ ಅದಕ್ಕೂ ಮೊದಲಿನದು. ಸಾವಿತ್ರಿಬಾಯಿಯ ದತ್ತುಮಗ ಯಶವಂತ ವೈದ್ಯ. ಪ್ಲೇಗು ಬಂದಾಗ ಹಡಪಸರದ ಹತ್ತಿರ, ಸಾಸನೆ ಮಳಾ ಎಂಬ ಬಯಲಿನಲ್ಲಿ, ಊರಿನ ಗಿಜಿಗಿಜಿಯಿಂದ ದೂರದಲ್ಲಿ, ಆತ ಒಂದು ಚಿಕಿತ್ಸಾಲಯ ತೆರೆದ. ತಾಯಿ ರೋಗಿಗಳನ್ನು ಹುಡುಕಿ ಅಲ್ಲಿಗೆ ಕರೆತರುತ್ತಿದ್ದರು. ಮುಂಢವಾದ ಮಹಾರ ಕೇರಿಯ ಪಾಂಡುರಂಗ ಬಾಬಾಜಿ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗು ತಗುಲಿದೆ ಎಂದು ಗೊತ್ತಾದಾಗ ಅವನನ್ನು ಬೆನ್ನಿಗೆ ಹಾಕಿಕೊಂಡು ನಡೆದರು. ಹುಡುಗ ಬದುಕಿದ. ಸಾವಿತ್ರಿಬಾಯಿಗೆ ಕಾಯಿಲೆ ಅಂಟಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಕೆಲವು ವರ್ಷಗಳ ನಂತರ ಮಗನನ್ನೂ ಪ್ಲೇಗೇ ಕೊಂಡೊಯ್ದಿತು.

ಆ ಹೆಂಗಸಿಗೆ ಮಳೆ ತಪ್ಪಿದ ವರ್ಷದ ಪರಿಚಯ ಮೊದಲೇ ಇತ್ತು. ಇಪ್ಪತ್ತು ವರ್ಷ ಹಿಂದೆ, 1876-78ರ ಮಹಾಕ್ಷಾಮದಲ್ಲಿ, ಜುನ್ನರ ಸೀಮೆಯ ಓತೂರಿನಿಂದ ಅವರು ಗಂಡ ಜೋತಿಬಾಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಅದೇ ಕ್ಷಾಮವನ್ನು ಕನ್ನಡನಾಡು ಧಾತು-ಈಶ್ವರ ಸಂವತ್ಸರಗಳ ಬರವೆಂದು ಬಹುಕಾಲ ನೆನೆಯಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಲೆಕ್ಕದಿಂದ ಅಳಿಸಿಹೋಗಿದ್ದರು. ಹಸಿವಿನಿಂದ ಸತ್ತವರೆಷ್ಟೋ, ಹಸಿದ ಮೈಗೆ ತಗುಲಿದ ಕಾಲರಾ, ಭೇದಿ, ಜ್ವರಗಳಿಂದ ಸತ್ತವರೂ ಅಷ್ಟೇ. ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೋ ಎಂಬ ವಿದ್ಯಮಾನಕ್ಕೂ ದಖ್ಖನಿನ ಮಳೆಗೂ ನಂಟಿದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1877 ಮತ್ತು 1896 ಎರಡೂ ಅಂಥವೇ ವರ್ಷಗಳೆಂದು ತಿಳಿದದ್ದು ಬಹಳ ತಡವಾಗಿ.

*

1897ರ ಏಪ್ರಿಲ್ 30ರಂದು ಪುಣೆಯಲ್ಲಿ 43.3 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಪುಣೆಯ ಮಟ್ಟಿಗೆ ಅದು ಇಂದಿಗೂ ದಾಖಲೆಯ ಸಾಲಿನಲ್ಲಿರುವ ಬಿಸಿ. ಅದೇ ಹೊತ್ತಿಗೆ ಊರಲ್ಲಿ ಪ್ಲೇಗು ಇಳಿಯುತ್ತಿತ್ತು. ಮೇ ಕೊನೆಗೆ ಹೆಚ್ಚುಕಡಿಮೆ ನಿಂತೇಹೋಯಿತು. ಸಮಿತಿಯ ಅಧಿಕಾರಿಗಳು ತಮ್ಮ ಬಿಗಿ ಕ್ರಮಗಳೇ ಗೆದ್ದವೆಂದುಕೊಂಡರು. ಆದರೆ ಮಳೆಗಾಲ ಮುಗಿಯುತ್ತಿದ್ದಂತೆ ಪ್ಲೇಗು ಮರಳಿತು, ಮೊದಲಿಗಿಂತ ಜೋರಾಗಿ.

ಏನಾಗಿತ್ತು? ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೆ ಅದು ಹರಡುವ ದಾರಿ 1897ರ ಪುಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರುವರ್ಷ, 1898ರ ಜೂನ್ 2ರಂದು, ಕರಾಚಿಯಲ್ಲಿ ಪಾಲ್-ಲೂಯಿ ಸೀಮೋ ಎಂಬ ಫ್ರೆಂಚ್ ವೈದ್ಯ ಇಲಿಯಿಂದ ಇಲಿಗೆ ಪ್ಲೇಗನ್ನು ದಾಟಿಸುವುದು ಚಿಗಟ ಎಂದು ಪ್ರಯೋಗದಿಂದ ತೋರಿಸಿದ. ವರ್ಷಗಟ್ಟಲೆ ಹೆಚ್ಚಿನವರು ಅದನ್ನು ನಂಬಲಿಲ್ಲ. ಪುಣೆಯಲ್ಲಿ ಸೈನಿಕರು ರೋಗಿಯನ್ನು ಹುಡುಕುತ್ತಿದ್ದಾಗ, ಹುಡುಕಬೇಕಾಗಿದ್ದ ಇಲಿ ಸೂರಿನ ಸಂದಿಯಲ್ಲಿ, ಧಾನ್ಯದ ಮೂಟೆಯ ಹಿಂದೆ ಇತ್ತು.

ಚಿಗಟ ಹವೆಗೆ ಕಟ್ಟುಬಿದ್ದ ಜೀವಿ. ಪ್ಲೇಗಿನ ರೋಗಾಣು ಅದರ ಜಠರದ ಬಾಯಲ್ಲಿ ಗಡ್ಡೆಗಟ್ಟಿ ಕೂತರೆ ಕುಡಿದ ರಕ್ತ ಒಳಗಿಳಿಯುವುದಿಲ್ಲ. ಹಸಿವಿನಿಂದ ಕಂಗೆಟ್ಟ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗೆಲ್ಲ ರೋಗಾಣುವನ್ನು ಗಾಯದೊಳಕ್ಕೆ ಕಕ್ಕುತ್ತದೆ. ಉಷ್ಣಾಂಶ ಸುಮಾರು 27-28 ಡಿಗ್ರಿ ದಾಟಿದರೆ ಈ ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ. ಒಣ ಬಿಸಿಯಲ್ಲಿ ಚಿಗಟದ ಆಯಸ್ಸೂ ಕುಗ್ಗುತ್ತದೆ. ಹೀಗಾಗಿ ದಖ್ಖನಿನ ಬಿರುಬೇಸಿಗೆ ಪ್ಲೇಗಿಗೆ ರಜೆ. ಮಳೆಯ ತೇವ ಮತ್ತು ಚಳಿಗಾಲದ ತಂಪು ಅದರ ಸುಗ್ಗಿ. 1897ರ ಮೇ ತಿಂಗಳಲ್ಲಿ ಪುಣೆಯನ್ನು ಕಾದವುಗಳಲ್ಲಿ ಬಿಸಿಲಿಗೆ ದೊಡ್ಡ ಪಾಲಿತ್ತು. ಅದರ ಯಶಸ್ಸು ಯಾರ ಲೆಕ್ಕಕ್ಕೋ ಜಮೆಯಾಯಿತು.

ಹವೆಯನ್ನು ಓದಲು ಬಾರದಿದ್ದರೆ ಆಡಳಿತ ತನ್ನ ಸೋಲು-ಗೆಲುವನ್ನೂ ಓದಲಾರದು. ಪುಣೆಯ ಮೊದಲ ಪ್ಲೇಗು ಬಿಟ್ಟುಹೋದ ಪಾಠ ಇದು.

*

ಪ್ಲೇಗು ಹಳಿಗಳ ಮೇಲೆ ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿ-ಧಾರವಾಡ ಸೀಮೆಗೆ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಸಿದ್ಧಪಡಿಸಿದ ಹೊಸ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಲಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ರೈಲಿನ ಜೊತೆ ಪ್ಲೇಗು ಬೆಂಗಳೂರಿಗೂ ಬಂದಿಳಿಯಿತು. ಹಳೇ ಪೇಟೆಯ ಇಕ್ಕಟ್ಟು ಮನೆಗಳನ್ನು ಬಿಟ್ಟು ಗಾಳಿ-ಬೆಳಕಿನ ಬಡಾವಣೆ ಕಟ್ಟಬೇಕೆಂಬ ಯೋಚನೆಗೆ ಆಗ ವೇಗ ಸಿಕ್ಕಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಹಾಗೆ. ಊರೂರಲ್ಲಿ ಪ್ಲೇಗಮ್ಮನ ಗುಡಿಗಳೆದ್ದವು.

ಹಳ್ಳಿಯ ಜನ ಮಾತ್ರ ವಿಜ್ಞಾನಿಗಳಿಗಾಗಿ ಕಾಯಲಿಲ್ಲ. 'ಇಲಿ ಬಿತ್ತು' ಎಂದರೆ ಸಾಕು, ಪಾತ್ರೆ-ಪಡಗ ಕಟ್ಟಿಕೊಂಡು ಊರಾಚೆ ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಚಿಗಟದ ಹೆಸರು ಎತ್ತದೆಯೂ ಅವರು ಚಿಗಟದಿಂದ ದೂರ ಸರಿದಿದ್ದರು. ಸತ್ತ ಇಲಿ ಅವರ ಮುನ್ಸೂಚನೆ. ಆ ಸೂಚನೆಯನ್ನು ಹೊರಡಿಸಲು ಕಚೇರಿ ಬೇಕಿರಲಿಲ್ಲ, ಪಾಲಿಸಲು ಸೈನಿಕರೂ ಬೇಕಿರಲಿಲ್ಲ. ಗುಡಿಸಲು ಹಾಕಲು ಒಂದಿಷ್ಟು ಜಾಗ ಇದ್ದರಾಯಿತು. ಜಾಗ ಇಲ್ಲದವರ ಪಾಡು ಬೇರೆ.

ಹವೆ ನೋಡಿ ಕಾಯಿಲೆಯ ಮುನ್ಸೂಚನೆ ಹೇಳುವ ಕೆಲಸ ಸರ್ಕಾರದ ಕಚೇರಿಗೆ ಬಂದದ್ದು ಪಂಜಾಬಿನಲ್ಲಿ. 1908ರ ಮಳೆಗಾಲದ ಬೆನ್ನಿಗೆ ಅಲ್ಲಿ ಮಲೇರಿಯಾ ಉಕ್ಕಿ, ಕೆಲವೇ ತಿಂಗಳಲ್ಲಿ ಸುಮಾರು 3 ಲಕ್ಷ ಜನ ಸತ್ತರು. ಸ್ಯಾಮ್ಯುಯೆಲ್ ರಿಕರ್ಡ್ ಕ್ರಿಸ್ಟೋಫರ್ಸ್ ಎಂಬ ವೈದ್ಯ ಹಳೆಯ ಲೆಕ್ಕಗಳನ್ನೆಲ್ಲ ತೆಗೆದು ಕೂತ. ಮಳೆ ಹೆಚ್ಚಾದ ವರ್ಷಗಳಲ್ಲಿ ಮಲೇರಿಯಾ ಉಕ್ಕುತ್ತದೆ ಎಂಬುದು ಸರಿ. ಆದರೆ ಮಳೆಯೊಂದೇ ಸಾಲದು. ಧಾನ್ಯದ ಬೆಲೆ ಏರಿ ಜನ ಅರೆಹೊಟ್ಟೆಯಲ್ಲಿದ್ದ ವರ್ಷ ಮಳೆ ಜೋರಾದರೆ ಸಾವು ಮಿತಿಮೀರುತ್ತದೆ. 1911ರಲ್ಲಿ ಆತ ಇದನ್ನು ವರದಿಯಾಗಿ ಬರೆದ. ಮುಂದಿನ ದಶಕದಲ್ಲಿ ಕ್ಲಿಫರ್ಡ್ ಗಿಲ್ ಎಂಬ ಅಧಿಕಾರಿ ಇದನ್ನೇ ಆಧರಿಸಿ ಪ್ರತಿ ವರ್ಷ ಮಲೇರಿಯಾ ಮುನ್ಸೂಚನೆ ಕೊಡಲು ಶುರುಮಾಡಿದ. ಅವನ ಲೆಕ್ಕದಲ್ಲಿ ಮಳೆಯಿತ್ತು, ಮಕ್ಕಳ ಗುಲ್ಮದ ಊತವಿತ್ತು, ಧಾನ್ಯದ ಬೆಲೆಯೂ ಇತ್ತು. ಆಕಾಶ ನೋಡುವಾಗ ಅಂಗಡಿಯ ತಕ್ಕಡಿಯನ್ನೂ ನೋಡಬೇಕೆಂದು ನೂರು ವರ್ಷದ ಹಿಂದೆಯೇ ಹೊಳೆದಿತ್ತು.

*

ಇದೇ ಕಾಲದಲ್ಲಿ ಹವೆ ನೋಡುವ ಕಣ್ಣು ಪುಣೆಗೆ ಬಂತು. 1928ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಿಂದ ಪುಣೆಗೆ ಸ್ಥಳಾಂತರವಾಯಿತು. ಮುಂದೆ ಮುಖ್ಯ ಕಚೇರಿ ದೆಹಲಿಗೆ ಹೋದರೂ ಪುಣೆಯ ಕಚೇರಿ ಉಳಿಯಿತು. 1962ರಲ್ಲಿ ಉಷ್ಣವಲಯದ ಹವಾಮಾನ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಇವತ್ತಿನ ಐಐಟಿಎಂ ಅದೇ. ಇದರ ನಡುವೆ, 1952ರಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆಗೂಡಿ ವೈರಸ್ ಸಂಶೋಧನಾ ಕೇಂದ್ರವೂ ಪುಣೆಯಲ್ಲೇ ಶುರುವಾಯಿತು. ಈಗ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. ಹವೆ ನೋಡುವವರೂ ವೈರಸ್ ನೋಡುವವರೂ ಒಂದೇ ಊರಲ್ಲಿದ್ದರು. ಆದರೆ ಒಬ್ಬರ ಲೆಕ್ಕ ಇನ್ನೊಬ್ಬರ ಮೇಜಿಗೆ ಬರಲು ದಶಕಗಳೇ ಹಿಡಿದವು.

ಆ ವೈರಸ್ ಕೇಂದ್ರದ ಹೆಸರು ಮಲೆನಾಡಿನ ಹಳಬರಿಗೆ ಗೊತ್ತು. 1957ರ ಮಾರ್ಚ್ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳಲ್ಲಿ ಜ್ವರ. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬ ಭಯದಲ್ಲಿ ಪುಣೆಯ ತಂಡ ಓಡಿಬಂತು. ಸಿಕ್ಕಿದ್ದು ಜಗತ್ತಿಗೇ ಹೊಸದಾದ ವೈರಸ್, ಅದನ್ನು ಹರಡುತ್ತಿದ್ದದ್ದು ಕಾಡಿನ ಉಣುಗು. ನಾವು ಮಂಗನ ಕಾಯಿಲೆ ಎನ್ನುವುದಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಕ್ಯಾಸನೂರಿನ ಹೆಸರೇ ಇದೆ. ಇದಕ್ಕೂ ಒಂದು ಪಂಚಾಂಗವಿದೆ: ಮಳೆ ಮುಗಿದು ಒಣ ತಿಂಗಳುಗಳು ಶುರುವಾದ ಮೇಲೆ ಉಣುಗಿನ ಮರಿಗಳು ಹೆಚ್ಚುತ್ತವೆ, ಡಿಸೆಂಬರಿನಿಂದ ಮೇವರೆಗೆ ಕಾಯಿಲೆ ಕಾಣಿಸುತ್ತದೆ. ತರಗೆಲೆ ಗುಡಿಸಲು, ಸೌದೆ ತರಲು, ದನ ಮೇಯಿಸಲು ಜನ ಕಾಡಿಗೆ ಹೋಗುವ ಕಾಲವೂ ಅದೇ.

ಪುಣೆಯ ಕೇಂದ್ರದವರು ತಮ್ಮ ಮೊದಲ ವರ್ಷಗಳಲ್ಲೇ ಇನ್ನೊಂದು ಕೆಲಸ ಮಾಡಿದ್ದರು. ದೇಶದ ಬೇರೆಬೇರೆ ಕಡೆಯ ಜನರ ರಕ್ತ ಪರೀಕ್ಷಿಸಿ, ಯಾವ ಯಾವ ವೈರಸ್‌ಗಳ ಗುರುತು ಇದೆಯೆಂದು ಪಟ್ಟಿ ಮಾಡಿದ್ದರು. 1954ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಝೀಕಾದ ಹೆಸರೂ ಇತ್ತು. ಆ ಹೆಸರು ಮಹಾರಾಷ್ಟ್ರದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2021ರ ಜುಲೈಯಲ್ಲಿ, ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಬೇಲಸರ ಎಂಬ ಹಳ್ಳಿಯಲ್ಲಿ ರಾಜ್ಯದ ಮೊದಲ ರೋಗಿ ಪತ್ತೆಯಾದಾಗ. 2024ರ ಜೂನ್‌ನಲ್ಲಿ ಅದು ಪುಣೆ ನಗರದಲ್ಲೇ ಕಾಣಿಸಿಕೊಂಡಿತು. ಮೊದಲ ಕೆಲವು ರೋಗಿಗಳ ಪೈಕಿ ಮುಂಢವಾದವರೂ ಇದ್ದರು.

*

ಹೊಳೆಯ ಮೇಲಿನ ಆ ಕಂಬಕ್ಕೆ ಮರಳೋಣ. ಅಂಥ ಕಂಬಗಳಲ್ಲಿ ಹಾರುವುದು ಹೆಚ್ಚಾಗಿ ಗಂಡು ಹುಳುಗಳು. ಹೆಣ್ಣನ್ನು ಕರೆಯಲು ಕೂಡಿ ಹಾರುತ್ತವೆ. ಸೊಳ್ಳೆಯೇ ಆದರೂ ಗಂಡು ಕಚ್ಚುವುದಿಲ್ಲ. ಕೊಳಚೆ ನೀರಿನಲ್ಲಿ ಹುಟ್ಟುವ ಸೊಳ್ಳೆ ಬೇರೆ ಜಾತಿಯದು, ಡೆಂಗಿ, ಝೀಕಾ ಹರಡುವ ಈಡಿಸ್ ಬೇರೆ. ಈಡಿಸ್ ಹೊಳೆಯ ಗಲೀಜಿಗಿಂತ ಮನೆಯ ಶುದ್ಧ ನೀರನ್ನು ಇಷ್ಟಪಡುತ್ತದೆ: ಡ್ರಮ್ಮು, ಕೂಲರ್, ಹೂಕುಂಡದ ತಟ್ಟೆ, ತಾರಸಿಯ ಟೈರು. ಕಟ್ಟಡದ ಕೆಲಸ ನಡೆಯುವಲ್ಲಿ ಸ್ಲ್ಯಾಬಿನ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ. ಇಡೀ ದೇಶ ನೋಡಿ ಬೆಚ್ಚಿದ ಕಂಬಕ್ಕಿಂತ ಯಾರೂ ವಿಡಿಯೋ ಮಾಡದ ಬಕೆಟ್ಟು ಹೆಚ್ಚು ಅಪಾಯದ್ದು.

ಬೆಂಗಳೂರಿನಲ್ಲಿ ಇದರದ್ದೇ ಒಂದು ಹಳೆಯ ಕತೆಯಿದೆ. 1883ರಲ್ಲಿ ಅಲ್ಲಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಸೊಳ್ಳೆಗಳ ಕಾಟ ತಡೆಯಲಾಗಲಿಲ್ಲ. ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಅವು ಹುಟ್ಟುತ್ತಿವೆ ಎಂದು ಕಂಡು ಅದನ್ನು ಬೋರಲು ಹಾಕಿದ; ಕಾಟ ಇಳಿಯಿತು. ಉಳಿದ ತೊಟ್ಟಿ-ಡಬ್ಬಗಳನ್ನೂ ಹಾಗೇ ಮಾಡಿ ಎಂದು ಹೇಳಿದಾಗ, ಅದು ಪ್ರಕೃತಿಯ ವ್ಯವಸ್ಥೆಗೆ ವಿರುದ್ಧ ಎಂದು ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಹದಿನಾಲ್ಕು ವರ್ಷಗಳ ನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಅದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಸಾವಿತ್ರಿಬಾಯಿ ತೀರಿಕೊಂಡ, ರ‍್ಯಾಂಡ್‌ಗೆ ಗುಂಡು ಬಿದ್ದ ವರ್ಷವೇ ಅದು.

ಬಿಸಿ ಡೆಂಗಿಗೆ ಹೇಗೆ ನೆರವಾಗುತ್ತದೆ? ರೋಗಿಯ ರಕ್ತ ಕುಡಿದ ಸೊಳ್ಳೆ ಕೂಡಲೇ ಡೆಂಗಿ ಹರಡಲಾರದು. ವೈರಸ್ ಅದರ ಮೈಯೊಳಗೆ ಬೆಳೆದು ಜೊಲ್ಲಿನ ಗ್ರಂಥಿ ಸೇರಬೇಕು. 25 ಡಿಗ್ರಿಯಲ್ಲಿ ಇದಕ್ಕೆ ಸರಾಸರಿ ಎರಡು ವಾರ, 30 ಡಿಗ್ರಿಯಲ್ಲಿ ಸುಮಾರು ಒಂದು ವಾರ. ಸೊಳ್ಳೆಯ ಆಯಸ್ಸೇ ಎರಡು-ಮೂರು ವಾರ ಎಂದಾಗ ಈ ಒಂದು ವಾರದ ಉಳಿತಾಯ ಸಣ್ಣದಲ್ಲ. ಮುದಿಯಾಗಿ ಸಾಯುವ ಮೊದಲು ಇನ್ನೂ ಕೆಲವರನ್ನು ಕಚ್ಚಲು ಅದಕ್ಕೆ ಸಮಯ ಸಿಗುತ್ತದೆ.

2025ರ ಜನವರಿಯಲ್ಲಿ ಐಐಟಿಎಂನ ಸೋಫಿಯಾ ಯಾಕೂಬ್, ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು ಪುಣೆಯ ಡೆಂಗಿ ಸಾವುಗಳನ್ನೂ ಹವೆಯ ಲೆಕ್ಕಗಳನ್ನೂ ಒಟ್ಟಿಗಿಟ್ಟು ನೋಡಿದ ಅಧ್ಯಯನ ಪ್ರಕಟಿಸಿದರು. ಮಳೆಗಾಲದಲ್ಲಿ 27 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶ, ಗಾಳಿಯಲ್ಲಿ ಶೇ. 60ರಿಂದ 78ರಷ್ಟು ತೇವಾಂಶ, ಹದವಾಗಿ ಹಂಚಿ ಬೀಳುವ ಮಳೆ, ಈ ಮೂರೂ ಕೂಡಿದಾಗ ಪುಣೆಯಲ್ಲಿ ಡೆಂಗಿ ಹೆಚ್ಚುತ್ತದೆ. ವಾರಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಮಳೆ ಸೊಳ್ಳೆಯ ಮೊಟ್ಟೆ-ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಡೆಂಗಿ ಇಳಿಯುತ್ತದೆ. ಈ ಲೆಕ್ಕದಿಂದ ಎರಡು ತಿಂಗಳಿಗೂ ಮೊದಲೇ ಮುನ್ಸೂಚನೆ ಕೊಡಬಹುದು ಎನ್ನುತ್ತಾರೆ ಅವರು. ಮುಂದಿನ ಅಂದಾಜೂ ಅದರಲ್ಲಿದೆ: ಪುಣೆಯ ಡೆಂಗಿ ಸಾವುಗಳು 2040ರೊಳಗೆ ಶೇ. 13ರಷ್ಟು, ಶತಮಾನದ ನಡುಭಾಗದಲ್ಲಿ ಶೇ. 25ರಿಂದ 40ರಷ್ಟು ಏರಬಹುದು. ಶತಮಾನದ ಕೊನೆಗೆ ಏರಿಕೆ ಶೇ. 30ರಿಂದ 112ರವರೆಗೆ ಹೋಗಬಹುದು. 30 ಮತ್ತು 112ರ ನಡುವಿನ ಆ ಅಂತರ, ಜಗತ್ತು ಎಷ್ಟು ಕಲ್ಲಿದ್ದಲು-ಎಣ್ಣೆ ಸುಡುತ್ತದೆ ಎಂಬುದರ ಮೇಲೆ ನಿಂತಿದೆ.

ಚಿಗಟದ ಗಡ್ಡೆ ಕಟ್ಟದಂತೆ ಮಾಡಿ ಪ್ಲೇಗಿಗೆ ತಡೆ ಹಾಕುತ್ತಿದ್ದ ಉಷ್ಣಾಂಶವೂ ಸುಮಾರು 27. ಈಗ ಡೆಂಗಿಗೆ ಬಾಗಿಲು ತೆರೆಯುವ ಉಷ್ಣಾಂಶವೂ 27. ಒಂದೇ ಹೊಳೆಯ ದಂಡೆ, ಒಂದೇ ಅಂಕಿ. ಕಾಯಿಲೆ ಬದಲಾದಾಗ ಅದೇ ಬಿಸಿ ಕಾವಲುಗಾರನೂ ಆಗಬಲ್ಲದು, ಕಳ್ಳನಿಗೆ ದಾರಿ ತೋರಿಸುವವನೂ ಆಗಬಲ್ಲದು. ಹವಾಮಾನ ಬದಲಾವಣೆ ಎಲ್ಲ ಕಾಯಿಲೆಗಳನ್ನೂ ಒಂದೇ ಸಮ ಹೆಚ್ಚಿಸುತ್ತದೆ ಎನ್ನುವುದು ಅವಸರದ ಮಾತು. ಯಾವ ಹುಳು, ಯಾವ ಋತು, ಯಾವ ಮನೆ ಎಂದು ಪ್ರತಿ ಊರಲ್ಲೂ ಕೇಳಬೇಕಾಗುತ್ತದೆ.

*

ಹುಳುವಿನ ನೆರವಿಲ್ಲದೆ ಬಿಸಿಯೇ ನೇರ ಕೊಲ್ಲುವುದೂ ಇದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳಾದವು. ಆಸ್ಪತ್ರೆಯ ಚೀಟಿಯಲ್ಲಿ ಅವುಗಳಲ್ಲಿ ಬಹಳಷ್ಟಕ್ಕೆ ಬಿಸಿಯ ಹೆಸರಿರಲಿಲ್ಲ. ಸಾವಿನ ಲೆಕ್ಕವನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿದಾಗಲೇ ತಿಳಿದದ್ದು. 2013ರಲ್ಲಿ ಆ ನಗರ ದೇಶದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ತಂದಿತು.

ಪುಣೆಯನ್ನು ತಂಪಿನ ಊರೆಂದು ಹೊಗಳುವ ರೂಢಿಯಿತ್ತು. ಈಗ ಒಂದೇ ನಗರದಲ್ಲಿ ಹಲವು ಹವೆ. ಶಿವಾಜಿನಗರದ ಹಳೆಯ ವೀಕ್ಷಣಾಲಯದ ಅಂಕಿಗೂ ಖರಾಡಿಯ ಪಕ್ಕದ ವಡಗಾಂವ್ ಶೇರಿಯ ಸ್ವಯಂಚಾಲಿತ ಕೇಂದ್ರದ ಅಂಕಿಗೂ ಡಿಗ್ರಿಗಟ್ಟಲೆ ಅಂತರ. ಪೂರ್ವದ ಈ ಭಾಗದಲ್ಲಿ ರಾತ್ರಿಯೂ ಬೇಗ ತಣಿಯುವುದಿಲ್ಲ. ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ, ಗೋಪುರದೊಳಗಿನ ಎಸಿ ಒಳಗಿನ ಬಿಸಿಯನ್ನು ಹೊರಗೆ ದೂಡುತ್ತದೆ. ಹಗಲಿಡೀ ದುಡಿದ ಮೈ ರಾತ್ರಿಯ ತಂಪಿನಲ್ಲಿ ಸುಧಾರಿಸಿಕೊಳ್ಳಬೇಕು. ಅದಾಗದಿದ್ದರೆ ಹೃದಯ ಮತ್ತು ಮೂತ್ರಪಿಂಡಗಳ ಮೇಲೆ ದಿನದಿಂದ ದಿನಕ್ಕೆ ಹೊರೆ ಬೀಳುತ್ತದೆ.

ಆ ಹೊರೆ ಯಾರ ಮೇಲೆ? ಖರಾಡಿಯ ಗೋಪುರಗಳ ಒಳಗೆ ಕನ್ನಡಿಗರಿದ್ದಾರೆ. ಕಂಪ್ಯೂಟರಿನ ಮುಂದೆ ಕೂತವರು. ಗೋಪುರ ಕಟ್ಟುವ ಕಡೆಯೂ ಕನ್ನಡ ಕೇಳುತ್ತದೆ: ಕಲಬುರಗಿ, ಯಾದಗಿರಿ, ವಿಜಯಪುರದ ಹಳ್ಳಿಗಳಿಂದ ಗುಳೆ ಬಂದವರು. ಮಳೆ ಕೈಕೊಟ್ಟ ವರ್ಷ ಪುಣೆಯ ಲೇಬರ್ ನಾಕಾಗಳಲ್ಲಿ ಈ ಕನ್ನಡದ ದನಿ ಹೆಚ್ಚುತ್ತದೆ. ಅವರು ಇರುವುದು ತಗಡಿನ ಶೆಡ್ಡುಗಳಲ್ಲಿ. ಕುಡಿಯುವ ನೀರನ್ನು ಡ್ರಮ್ಮಿನಲ್ಲಿ ತುಂಬಿಡಲೇಬೇಕು, ಏಕೆಂದರೆ ನಳ ಇಲ್ಲ. ಡ್ರಮ್ಮಿನಲ್ಲಿ ಈಡಿಸ್ ಮೊಟ್ಟೆಯಿಡುತ್ತದೆ. ಮೇಲೆ ತಗಡಿನ ಬಿಸಿ, ಪಕ್ಕದಲ್ಲಿ ಸೊಳ್ಳೆ, ಊರಿನ ಹೊಲದಲ್ಲಿ ಬರ. ಬದಲಾಗುತ್ತಿರುವ ಹವೆ ಒಂದು ಕುಟುಂಬವನ್ನು ಮೂರು ದಾರಿಯಿಂದ ಮುಟ್ಟುವುದು ಹೀಗೆ.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಡುವ ಮನೆ, ಅಂಗಡಿ, ಕಟ್ಟಡ ಕಾಮಗಾರಿಗಳಿಗೆ ದಂಡ ವಿಧಿಸಲು ನಿಯಮ ಮಾಡಿತು. 1897ರ ಕಾಯಿದೆ ರೋಗಿಯನ್ನು ಹುಡುಕಿ ಮನೆಯೊಳಗೆ ಬಂದಿತ್ತು. ಈಗಿನದು ನಿಂತ ನೀರನ್ನು ಹುಡುಕಿ ಬರುತ್ತದೆ. ಇದು ದೊಡ್ಡ ಮುನ್ನಡೆಯೇ. ಆದರೆ ನಳವೇ ಇಲ್ಲದ ಶೆಡ್ಡಿನ ಡ್ರಮ್ಮಿಗೆ ದಂಡ ಹಾಕಿದರೆ ಅದನ್ನು ಕಟ್ಟುವವರು ಯಾರು? ನೂರು ವರ್ಷದ ಹಿಂದೆ ಪಂಜಾಬಿನ ಗಿಲ್ ತನ್ನ ಲೆಕ್ಕದಲ್ಲಿ ಧಾನ್ಯದ ಬೆಲೆಗೆ ಜಾಗ ಕೊಟ್ಟಿದ್ದ. ಇವತ್ತಿನ ಮುನ್ಸೂಚನೆಯಲ್ಲಿ ಉಷ್ಣಾಂಶ, ಮಳೆ, ತೇವಾಂಶ ಇವೆ. ಡ್ರಮ್ಮು, ತಗಡು, ದಿನಗೂಲಿ ಅದರೊಳಗೆ ಬರಬೇಕಾಗಿವೆ. ಎರಡು ತಿಂಗಳು ಮೊದಲೇ ಸೂಚನೆ ಸಿಕ್ಕಿದರೂ, ಅದು ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ ನಾಕಾದಲ್ಲಿ ನಿಂತವರ ಕಿವಿಗೆ ಬೀಳದಿದ್ದರೆ, ಬಿದ್ದರೂ ಮುಚ್ಚಳವಿರುವ ಟ್ಯಾಂಕು, ಮಧ್ಯಾಹ್ನದ ಬಿಡುವು ಅವರಿಗೆ ಸಿಗದಿದ್ದರೆ, ಆ ಎರಡು ತಿಂಗಳು ವ್ಯರ್ಥ.

ಮುಳಾ-ಮುಠಾ ಖರಾಡಿಯನ್ನು ದಾಟಿ ಪೂರ್ವಕ್ಕೆ ಹರಿದು ಭೀಮಾ ನದಿಯನ್ನು ಸೇರುತ್ತದೆ. ಭೀಮಾ ಉಜನಿ ಅಣೆಕಟ್ಟನ್ನು ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ನೀರು ಆ ಊರುಗಳಿಗೆ ಇಳಿಯುತ್ತದೆ. ಆ ಊರುಗಳ ಜನ ಅದೇ ನೀರಿನ ಎದುರು ದಾರಿ ಹಿಡಿದು ಖರಾಡಿಗೆ ಬರುತ್ತಾರೆ. 1897ರಲ್ಲಿ ಮುಂಢವಾದ ಕೇರಿಯ ಹುಡುಗ ಬದುಕಿದ್ದು ಚಿಗಟದ ಗುಟ್ಟು ತಿಳಿದದ್ದರಿಂದಲ್ಲ, ಆ ಗುಟ್ಟು ಆಗ ಯಾರಿಗೂ ತಿಳಿದಿರಲಿಲ್ಲ. ಕೇರಿಯ ತನಕ ನಡೆದುಬಂದು ಅವನನ್ನು ಹೊತ್ತೊಯ್ದವರು ಒಬ್ಬರಿದ್ದರು. ಈಗ ಸೊಳ್ಳೆಯ ಗುಟ್ಟು ತಿಳಿದಿದೆ, ಬಿಸಿಯ ಲೆಕ್ಕ ತಿಳಿದಿದೆ, ಎರಡೂ ಪುಣೆಯಲ್ಲೇ ಸಿದ್ಧವಾಗಿವೆ. ಅವು ಹೊಳೆದಂಡೆಯ ಶೆಡ್ಡಿನ ತನಕ ನಡೆದು ಹೋಗುವುದೊಂದು ಬಾಕಿಯಿದೆ.